ಊರ ಬಾಗಿಲಲ್ಲಿ ನಿಂತವನಿಗೆ ಊರಿನ ಸುದ್ದಿ ಗೊತ್ತಿರಲಿ: ಆನ್‌ಲೈನ್ ಗೇಮ್ ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ಆನ್‌ಲೈನ್ ಗೇಮ್ ಕಟ್ಟುವವರೇ,

ಕಲಬುರಗಿಯಿಂದ ನಮಸ್ಕಾರ. ನಿಮ್ಮಲ್ಲಿ ಕೆಲವರು ಬೆಂಗಳೂರಿನಲ್ಲೇ ಸ್ವಂತ ಆಟ ಮಾಡುತ್ತೀರಿ. ಕೆಲವರು ಇಲ್ಲೇ ಕೂತು ಹೊರದೇಶದ ಕಂಪನಿಗಳಿಗೆ ಕೆಲಸ ಮಾಡುತ್ತೀರಿ. ಈ ಪತ್ರ ನಿಮಗೆಲ್ಲರಿಗೂ ಬರೆದದ್ದು.

ಮೊದಲು ನನ್ನ ಪರಿಚಯ. ನಾನು 12 ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಆಮೇಲೆ ಸಂಚಾರ ನಿಯಂತ್ರಕನಾದೆ. ಜನ ಟಿಸಿ ಅಂತ ಕರೆಯುತ್ತಾರೆ. ಈ ಭಾಗದ ಒಂದು ತಾಲೂಕು ಊರಿನ ನಿಲ್ದಾಣದಲ್ಲಿ ವಿಚಾರಣೆ ಕಿಟಕಿಯ ಹಿಂದೆ ಬಹಳ ವರ್ಷ ಕೂತು, 2024ರಲ್ಲಿ ನಿವೃತ್ತನಾದೆ. ಗೇಮ್ ಕಟ್ಟುವುದು ನಿಮ್ಮ ವಿದ್ಯೆ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ದಾರಿ ಕೇಳಿಕೊಂಡು ಬಂದವರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಅನ್ನೋದು ನನ್ನ ಕೆಲಸವಾಗಿತ್ತು. ಅದರ ಬಲದ ಮೇಲೆ ಈ ಪತ್ರ.

ಮೊಮ್ಮಗ ಎಂಟನೇ ಕ್ಲಾಸು. ಬೇಸಿಗೆ ರಜೆ ಇತ್ತು. ನಮ್ಮ ಬಿಸಿಲು ನಿಮಗೆ ಗೊತ್ತಲ್ವಾ, ಮೇ ತಿಂಗಳಲ್ಲಿ 11 ಗಂಟೆ ಆದ ಮೇಲೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಅವನು ನನ್ನ ಪಕ್ಕ ಮಂಚದ ಮೇಲೆ ಕೂತು ಫೋನಿನಲ್ಲಿ ಆಡುತ್ತಿದ್ದ. ಸಾವಿರಾರು ಜನ ಒಟ್ಟಿಗೆ ಸೇರಿ ಆಡುವ ಆಟ. ಕೋಟೆ, ಪೇಟೆ, ಕಾಡು, ಗುಹೆ ಎಲ್ಲ ಇದೆ. ಅವನ ಆಟಗಾರನಿಗೆ ಗಾಯವಾಗಿತ್ತು, ವೈದ್ಯನನ್ನು ಹುಡುಕುತ್ತಿದ್ದ. ಕೋಟೆ ಬಾಗಿಲಲ್ಲಿ ಈಟಿ ಹಿಡಿದು ಒಬ್ಬ ಕಾವಲುಗಾರ ನಿಂತಿದ್ದ. ಹುಡುಗ ಅವನ ಹತ್ತಿರ ಹೋಗಿ ಒತ್ತಿದ. ಜೋಪಾನವಾಗಿ ಹೋಗು ಪ್ರಯಾಣಿಕನೇ ಅಂತ ಇಂಗ್ಲಿಷಿನಲ್ಲಿ ಒಂದು ಮಾತು ಬಂತು. ಮತ್ತೆ ಒತ್ತಿದ. ಅದೇ ಮಾತು. ಮೂರನೇ ಸಲವೂ ಅದೇ.

"ಮುತ್ಯಾ, ಇಂವ ಎನ್‌ಪಿಸಿ. ಇಂವನಿಗಿ ಏನೂ ಗೊತ್ತಿರಲ್ಲ" ಅಂದ.

ಎನ್‌ಪಿಸಿ ಅಂದರೆ ಮನುಷ್ಯರು ಆಡಿಸದ, ಕಂಪ್ಯೂಟರೇ ಆಡಿಸುವ ಪಾತ್ರ ಅಂತ ಅವನೇ ತಿಳಿಸಿದ. ಆಮೇಲೆ ಎಲ್ಲರೂ ನೋಡುವ ಚಾಟ್‌ನಲ್ಲಿ ಕೇಳಿದ. ಒಬ್ಬರು ಬೈದರು. ಇನ್ನೊಬ್ಬರು ಬೇಕಂತಲೇ ತಪ್ಪು ದಿಕ್ಕು ತೋರಿಸಿದರು. ಅಲ್ಲಿ ತೋಳಗಳಿದ್ದವು. ಆಟಗಾರ ಸತ್ತ, ಎರಡು ವಾರ ಕೂಡಿಟ್ಟ ಸಾಮಾನು ಹೋಯಿತು. ಕೊನೆಗೆ ಆಟ ಮುಚ್ಚಿ ಯೂಟ್ಯೂಬ್ ತೆರೆದ. ಹಿಂದಿಯಲ್ಲಿ 18 ನಿಮಿಷದ ವಿಡಿಯೋ. ಅವನಿಗೆ ಬೇಕಾದ ವಿಷಯ ಅದರಲ್ಲಿ ಅರ್ಧ ನಿಮಿಷ ಇತ್ತು, ಅದೂ ಕೊನೆಯಲ್ಲಿ.

ಹುಡುಗ ಅದನ್ನು ಅಲ್ಲಿಗೇ ಮರೆತ. ನಾನು ಮರೆಯಲಿಲ್ಲ. ಆ ಕಾವಲುಗಾರ ನಿಂತಿದ್ದು ಊರ ಬಾಗಿಲಲ್ಲಿ. ಬರುವವರು, ಹೋಗುವವರು ಎಲ್ಲ ಅವನ ಮುಂದೆಯೇ ಹಾಯಬೇಕು. ನಾನು ಕೂತಿದ್ದ ಜಾಗವೂ ಅಂಥದ್ದೇ. ಅಂಥ ಜಾಗದಲ್ಲಿ ಇರುವವನಿಗೆ ಊರಿನ ವೈದ್ಯ ಎಲ್ಲಿ ಅಂತ ಗೊತ್ತಿಲ್ಲದಿದ್ದರೆ, ಅವನನ್ನು ಅಲ್ಲಿ ನಿಲ್ಲಿಸಿದ್ದು ಯಾಕೆ?

ಇದು ಆಗದ ಕೆಲಸ ಅಂತ ನೀವು ಹೇಳುವ ಹಾಗಿಲ್ಲ. ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳನ್ನು ಕೇಳಿ ಕೇಳಿ ಈ ಪಾತ್ರಗಳ ಕಥೆ ತಿಳಿದುಕೊಂಡೆ. ಬಹಳ ಜನ ಒಟ್ಟಿಗೆ ಆಡುವ ಮೊದಮೊದಲ ಆಟಗಳಲ್ಲಿ ಒಂದಾದ 'ಮಡ್' 1978ರಲ್ಲಿ ಇಂಗ್ಲೆಂಡಿನ ಎಸ್ಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ರಾಯ್ ಟ್ರಬ್‌ಶಾ ಶುರು ಮಾಡಿದ್ದು, ರಿಚರ್ಡ್ ಬಾರ್ಟಲ್ ಬೆಳೆಸಿದ್ದು. ಅದರಲ್ಲಿ ಚಿತ್ರವೇ ಇರಲಿಲ್ಲ, ಎಲ್ಲ ಅಕ್ಷರದಲ್ಲೇ. 1999ರಲ್ಲಿ 'ಎವರ್‌ಕ್ವೆಸ್ಟ್' ಬಂತು. ಅದರ ಪಾತ್ರಗಳಿಗೆ ನಮಸ್ಕಾರ ಹೇಳಿದರೆ ಉತ್ತರ ಕೊಡುತ್ತಿದ್ದವು. ಉತ್ತರದ ಒಂದೆರಡು ಪದ ಕಂಸದೊಳಗೆ ಬರುತ್ತಿತ್ತು. ಆ ಪದ ಹಿಡಿದು ಮತ್ತೆ ಕೇಳಿದರೆ ಮುಂದಿನ ಮಾತು ಬಿಚ್ಚುತ್ತಿತ್ತು. 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಂತೂ ಊರ ಕಾವಲುಗಾರನನ್ನು ಕೇಳಿದರೆ ಬ್ಯಾಂಕ್ ಎಲ್ಲಿ, ತಂಗುವ ಮನೆ ಎಲ್ಲಿ, ವಿದ್ಯೆ ಕಲಿಸುವವರು ಎಲ್ಲಿ ಅಂತ ಹೇಳಿ ನಕ್ಷೆಯ ಮೇಲೆ ಗುರುತು ಹಾಕಿ ಕೊಡುತ್ತಿದ್ದ. 2004ರಲ್ಲಿ ಆದದ್ದು ನನ್ನ ಮೊಮ್ಮಗನ ಫೋನಿನಲ್ಲಿ ಇವತ್ತು ಯಾಕೆ ಇಲ್ಲ?

ಹಾಗಂತ ಆ ಹಳೆಯ ಕಾವಲುಗಾರ ಸಾಕು ಅಂತಲೂ ನಾನು ಹೇಳುತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ಕದಲದ ವಿಷಯ ಮಾತ್ರ. ಬ್ಯಾಂಕ್ ಎದ್ದು ಬೇರೆ ಕಡೆ ಹೋಗುವುದಿಲ್ಲ. ನಮ್ಮ ನಿಲ್ದಾಣದಲ್ಲೂ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ವೇಳಾಪಟ್ಟಿ ಇತ್ತು. ದೊಡ್ಡ ಅಕ್ಷರ, ಎಲ್ಲರಿಗೂ ಕಾಣುವ ಹಾಗೆ. ಅದನ್ನು ಓದಿದವರೂ ಮತ್ತೆ ಕಿಟಕಿಗೆ ಬಂದು ಕೇಳುತ್ತಿದ್ದರು. ಹೊಸದಾಗಿ ಕೂತಾಗ ನನಗೆ ಸಿಟ್ಟು ಬರುತ್ತಿತ್ತು. ಬರೆದಿದೆಯಲ್ಲ, ಮತ್ತೆ ಯಾಕೆ ಕೇಳುತ್ತಾರೆ ಅಂತ. ಆಮೇಲೆ ಅರ್ಥವಾಯಿತು. ನಾಲ್ಕೂವರೆ ಬಸ್ಸು ನಾಲ್ಕೂವರೆಗೆ ಅಂತ ಅವರಿಗೂ ಗೊತ್ತು. ಇವತ್ತು ಬರುತ್ತದಾ ಅಂತ ಅವರು ಕೇಳುತ್ತಿದ್ದದ್ದು.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಬಂತಲ್ಲ, ಕಲಬುರಗಿ, ಯಾದಗಿರಿ ಜಿಲ್ಲೆಯ ಹಳ್ಳಿಗಳಿಗೆ ನೀರು ನುಗ್ಗಿದ ಆ ವಾರ, ಗೋಡೆಯ ಪಟ್ಟಿಯಲ್ಲಿ ಎಲ್ಲ ಬಸ್ಸೂ ಇದ್ದವು. ರಸ್ತೆಯಲ್ಲಿ ಸೇತುವೆ ಇರಲಿಲ್ಲ, ನೀರಿತ್ತು. ಯಾವ ಸೇತುವೆ ಮುಳುಗಿದೆ, ಯಾವುದು ಇನ್ನೂ ದಾಟಬಹುದು ಅಂತ ಕಿಟಕಿಗೆ ಗೊತ್ತಾಗುತ್ತಿದ್ದದ್ದು ಹೇಗೆ? ಮರಳಿ ಬಂದ ಡ್ರೈವರ್‌ಗಳಿಂದ. ಗಾಡಿ ನಿಂತ ಕೂಡಲೇ ನಾನು ಹೊರಗೆ ಹೋಗಿ ಕೇಳುತ್ತಿದ್ದೆ. ಎಲ್ಲಿ ತನಕ ಹೋದಿ, ಎಲ್ಲಿ ತಿರುಗಿಸಿದಿ, ಎಷ್ಟು ಹೊತ್ತಾಯಿತು. ಮೂರೇ ಪ್ರಶ್ನೆ. ಅದನ್ನು ಹಾಳೆಯ ಮೇಲೆ ಗಂಟೆ ಸಮೇತ ಬರೆದು ಕಿಟಕಿಗೆ ಅಂಟಿಸುತ್ತಿದ್ದೆ. ಮುಂದಿನ ಗಾಡಿ ಬಂದಾಗ ಹಳೆಯದನ್ನು ಹೊಡೆದು ಹಾಕಿ ಹೊಸದು ಬರೆಯುತ್ತಿದ್ದೆ. ಆ ವಾರ ಜನ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ.

ನಿಮ್ಮ ಆಟದಲ್ಲಿ ಮರಳಿ ಬರುವ ಡ್ರೈವರ್ ಯಾರು ಗೊತ್ತಾ? ಆಟಗಾರರು. ಅವರು ಎಲ್ಲಿಗೆ ಹೋದರು, ಎಲ್ಲಿ ಸತ್ತರು, ಏನು ಮಾರಿದರು, ಎಷ್ಟಕ್ಕೆ ಮಾರಿದರು, ಎಲ್ಲವೂ ನಿಮ್ಮ ಸರ್ವರ್‌ನಲ್ಲಿ, ಅಂದರೆ ಆಟ ನಡೆಸುವ ಕಂಪ್ಯೂಟರಿನಲ್ಲಿ, ಬರೆದಿರುತ್ತದೆ ಅಂತ ಮಗಳು ಹೇಳಿದಳು. ನನಗೆ ಆಶ್ಚರ್ಯವಾಯಿತು. ಒಂದು ಸೇತುವೆಯ ಸುದ್ದಿಗೆ ನಾನು ಎರಡು ತಾಸು ಕಾಯುತ್ತಿದ್ದೆ. ನಿಮ್ಮ ಕೈಯಲ್ಲಿ ಪೂರ್ತಿ ಲೋಕದ ಸುದ್ದಿ ಕ್ಷಣಕ್ಷಣಕ್ಕೂ ಇದೆ. ಆದರೂ ಬಾಗಿಲಲ್ಲಿ ನಿಂತವನಿಗೆ ಅದನ್ನು ತಿಳಿಸುವವರಿಲ್ಲ.

ಕೆಲವರು ಇದನ್ನು ಆಗಲೇ ಅರ್ಧ ಮಾಡಿದ್ದಾರೆ. 2003ರಲ್ಲಿ ಬಂದ 'ಈವ್ ಆನ್‌ಲೈನ್' ಆಟದ ನಕ್ಷೆಯಲ್ಲಿ, ಹೋದ ಒಂದು ಗಂಟೆಯಲ್ಲಿ ಯಾವ ಜಾಗದಲ್ಲಿ ಎಷ್ಟು ಹಡಗು ನಾಶವಾದವು ಅಂತ ನೋಡಬಹುದಂತೆ. 2011ರ 'ಡಾರ್ಕ್ ಸೋಲ್ಸ್' ಆಟದಲ್ಲಿ ನೆಲದ ಮೇಲೆ ರಕ್ತದ ಕಲೆ ಕಾಣುತ್ತದೆ. ಮುಟ್ಟಿದರೆ ಬೇರೆ ಆಟಗಾರ ಅಲ್ಲಿ ಹೇಗೆ ಸತ್ತ ಅಂತ ನೆರಳಿನ ಹಾಗೆ ತೋರಿಸುತ್ತದೆ. ಅಂದರೆ ಸುದ್ದಿ ಇದೆ, ಅದನ್ನು ಕೊಡಲೂಬಹುದು. ಅದನ್ನು ಒಬ್ಬ ಮನುಷ್ಯನ ಬಾಯಲ್ಲಿ ಹೇಳಿಸಿ ಅಂತ ನಾನು ಕೇಳುತ್ತಿದ್ದೇನೆ.

ಕಾವಲುಗಾರ ಹೀಗೆ ಹೇಳಲಿ: "ಉತ್ತರದ ದಾರಿ ಬೇಡಪ್ಪ. ಬೆಳಿಗ್ಗೆಯಿಂದ ಆ ಕಡೆ ಹೋದವರಲ್ಲಿ ಒಂಬತ್ತು ಜನ ಮರಳಿಲ್ಲ. ಹೋಗಲೇಬೇಕು ಅಂದರೆ ಜೊತೆ ಹುಡುಕಿಕೋ. ಬಾವಿ ಹತ್ತಿರ ಇಬ್ಬರು ಜೊತೆಗಾರರಿಗೆ ಕಾಯುತ್ತಿದ್ದಾರೆ." ಇದಕ್ಕೆ ದೊಡ್ಡ ಯಂತ್ರಬುದ್ಧಿಯೇನೂ ಬೇಕಿಲ್ಲ ಅಂತ ಮಗಳು ಹೇಳುತ್ತಾಳೆ. ವಾಕ್ಯ ಮೊದಲೇ ಬರೆದಿಟ್ಟು, ಸಂಖ್ಯೆ ಮತ್ತು ಜಾಗದ ಹೆಸರು ಮಾತ್ರ ಸರ್ವರ್‌ನಿಂದ ತುಂಬಿದರೆ ಸಾಕು. ನಿಲ್ದಾಣದ ಮೈಕಿನಲ್ಲಿ ನಾವು ಮಾಡುತ್ತಿದ್ದದ್ದೂ ಅದೇ. "ಪ್ರಯಾಣಿಕರ ಗಮನಕ್ಕೆ" ಅನ್ನೋ ಮಾತು ದಿನಾ ಒಂದೇ. ಊರು, ಗಾಡಿ, ಪ್ಲಾಟ್‌ಫಾರ್ಮ್ ಬದಲಾಗುತ್ತಿತ್ತು.

ಎಲ್ಲ ಪಾತ್ರಕ್ಕೂ ಎಲ್ಲ ಗೊತ್ತಿರುವುದು ಮಾತ್ರ ಬೇಡ. ನನಗೆ ಬಸ್ಸು ಗೊತ್ತಿತ್ತು. ನಿಲ್ದಾಣದ ಚಹಾ ಅಂಗಡಿಯವನಿಗೆ ಯಾರು ಬಂದರು, ಯಾರು ಹೋದರು ಅಂತ ಗೊತ್ತಿತ್ತು. ಹಮಾಲನಿಗೆ ಯಾವ ಸಾಮಾನು ಯಾವ ಗಾಡಿಯಲ್ಲಿದೆ ಅಂತ ಗೊತ್ತಿತ್ತು. ಹೂವಿನವಳಿಗೆ ಯಾವ ಊರಲ್ಲಿ ಜಾತ್ರೆ ಅಂತ ನಮಗಿಂತ ಮೊದಲೇ ಗೊತ್ತಾಗುತ್ತಿತ್ತು. ಒಬ್ಬರಿಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರ ಹತ್ತಿರ ಕಳಿಸುತ್ತಿದ್ದೆವು. ನಿಮ್ಮ ಆಟದ ಕಮ್ಮಾರನಿಗೆ ಕಬ್ಬಿಣದ ಬೆಲೆ ಗೊತ್ತಿರಲಿ. ಅಂಬಿಗನಿಗೆ ಆಚೆ ದಡದ ಸುದ್ದಿ ಗೊತ್ತಿರಲಿ. ಅವನವನ ಕೆಲಸಕ್ಕೆ ಕಾಣುವಷ್ಟು ಅವನವನಿಗೆ. ದೂರದ ಊರಿನ ಸುದ್ದಿ ಸ್ವಲ್ಪ ಹಳೆಯದಾಗಿಯೇ ಬರಲಿ, ಆದರೆ ಎಷ್ಟು ಹಳೆಯದು ಅಂತ ಪಾತ್ರ ಬಾಯಿಬಿಟ್ಟು ಹೇಳಲಿ. "ನಿನ್ನೆ ಸಂಜೆ ಬಂದವರು ಹೇಳಿದ್ದು, ಈಗ ಹೇಗಿದೆಯೋ" ಅಂದರೆ ಕೇಳಿದವನು ಯೋಚಿಸಿ ಹೆಜ್ಜೆ ಇಡುತ್ತಾನೆ. ಹಾಳೆಯ ಮೇಲೆ ಗಂಟೆ ಬರೆಯುತ್ತಿದ್ದೆ ಅಂದೆನಲ್ಲ, ಅದು ಇದಕ್ಕೇ.

ಬೆಲೆಯ ವಿಷಯದಲ್ಲಿ ಒಂದು ಎಚ್ಚರ ಹೇಳಬೇಕು. ನಮ್ಮದು ತೊಗರಿ ನಾಡು. ಹಂಗಾಮಿನಲ್ಲಿ ಕಲಬುರಗಿ ಎಪಿಎಂಸಿಯಿಂದ ಬಂದವರನ್ನು ಬಸ್ಸಿನಲ್ಲಿ ಎಲ್ಲರೂ ಕೇಳುವುದು ಒಂದೇ, ಇವತ್ತು ತೊಗರಿ ಏನು ರೇಟು? ಮಾರುಕಟ್ಟೆಯ ಪಟ್ಟಿಯಲ್ಲಿ ಮೂರು ಬೆಲೆ ಇರುತ್ತವೆ. ಕಡಿಮೆ, ಹೆಚ್ಚು, ಮತ್ತೆ ಜಾಸ್ತಿ ಮಾಲು ಯಾವ ಬೆಲೆಗೆ ಹೋಯಿತೋ ಅದು. ಅನುಭವ ಇರುವ ರೈತ ಮೂರನೆಯದನ್ನು ನೋಡುತ್ತಾನೆ. ಯಾರದ್ದೋ ಒಂದು ಚೀಲ ಮೇಲಿನ ಬೆಲೆಗೆ ಹೋಯಿತು ಅಂದರೆ ಅದು ಅವತ್ತಿನ ರೇಟು ಆಗುವುದಿಲ್ಲ. ಆಟದಲ್ಲೂ ಇಬ್ಬರು ಗೆಳೆಯರು ಸೇರಿ ಒಬ್ಬರಿಗೊಬ್ಬರು ಒಂದು ಕತ್ತಿಯನ್ನು ಹತ್ತು ಪಟ್ಟು ಬೆಲೆಗೆ ಮಾರಿಕೊಂಡು, ವ್ಯಾಪಾರಿ ಪಾತ್ರದ ಬಾಯಲ್ಲಿ ಆ ಸುಳ್ಳು ಬೆಲೆ ಹೇಳಿಸಬಹುದು. ಹೊಸಬ ನಂಬಿ ಮೋಸ ಹೋಗುತ್ತಾನೆ. ಅದಕ್ಕೆ ಹತ್ತಾರು ಬೇರೆ ಬೇರೆ ಜನ ಮಾರಿದ ಬೆಲೆ ತೆಗೆದುಕೊಳ್ಳಿ. ಸರಾಸರಿ ಹಿಡಿಯಬೇಡಿ, ಜಾಸ್ತಿ ವ್ಯಾಪಾರ ನಡೆದ ಬೆಲೆ ಹಿಡಿಯಿರಿ.

ಇನ್ನು ಅಪ್‌ಡೇಟ್. ಮೊಮ್ಮಗನ ಆಟದಲ್ಲಿ ಒಂದು ದಿನ ಹೊಸ ಅಪ್‌ಡೇಟ್ ಬಂತು. ಅಂಗಡಿಬೀದಿಯನ್ನು ಕೋಟೆಯ ಇನ್ನೊಂದು ಕಡೆಗೆ ಸರಿಸಿದ್ದರು. ಆದರೆ ಮಾತಾಡುವ ಒಬ್ಬಳೇ ಒಬ್ಬ ಮುದುಕಿ ಇನ್ನೂ ಹಳೆಯ ಬೀದಿಗೇ ಕಳಿಸುತ್ತಿದ್ದಳು. ಅಲ್ಲಿ ಖಾಲಿ ಗೋಡೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ದಿನ ನನಗೆ ನೆನಪಾಯಿತು. ಹಿಂದಿನ ದಿನದವರೆಗೆ ಯಾರೂ ಕೇಳದಿದ್ದ ಪ್ರಶ್ನೆಗಳು ಅವತ್ತು ಸಾಲಾಗಿ ನಿಂತವು. "ಯಣ್ಣಾ, ಈ ಬಸ್ಸಿಗಿ ಫ್ರೀ ನಡೀತದೇನು?" "ರಾಜಹಂಸಕ್ಕ ಯಾಕಿಲ್ಲ?" "ಆಧಾರ್ ಕಾರ್ಡ್ ಮನ್ಯಾಗೇ ಬಿಟ್ಟು ಬಂದೀನಿ, ಏನ್ ಮಾಡ್ಲಿ?" ನಿಯಮ ಬದಲಾದ ದಿನವೇ ಜನ ಜಾಸ್ತಿ ಕೇಳುತ್ತಾರೆ. ಆ ದಿನವೇ ಕಿಟಕಿಯವನಿಗೆ ಸರಿಯಾಗಿ ಗೊತ್ತಿರಬೇಕು. ನೀವು ಅಪ್‌ಡೇಟ್ ಬಿಡುವಾಗ ಪಾತ್ರಗಳ ಮಾತನ್ನೂ ಕೆಲಸದ ಪಟ್ಟಿಯಲ್ಲಿ ಸೇರಿಸಿ. ಅಂಗಡಿ ಎಲ್ಲಿದೆ ಅನ್ನುವುದನ್ನು ಮಾತಿನೊಳಗೆ ಕೈಯಿಂದ ಬರೆಯಬೇಡಿ. ನಕ್ಷೆಯಿಂದಲೇ ಓದಿ ಹೇಳುವ ಹಾಗೆ ಮಾಡಿ. ಆಗ ಅಂಗಡಿ ಸರಿದರೆ ಮಾತೂ ತಾನಾಗೇ ಸರಿಯುತ್ತದೆ.

ಈಗ ನನಗೆ ಕಷ್ಟವಾದರೂ ಹೇಳಬೇಕಾದ ಒಂದು ವಿಷಯ. ಕಿಟಕಿಯಲ್ಲಿ ಕೂತ ಎರಡನೇ ವರ್ಷ. ಒಬ್ಬ ಯುವಕ ಜ್ವರ ಬಂದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಕಲಬುರಗಿಯ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ಬಸ್ಸು ಎಷ್ಟಕ್ಕೆ ಅಂತ ಕೇಳಿದ. ನಾನು ತಲೆ ಎತ್ತದೆ ನಾಲ್ಕೂವರೆ ಅಂದೆ. ಆ ಗಾಡಿ ದಾರಿಯಲ್ಲೇ ಕೆಟ್ಟು ನಿಂತಿತ್ತು. ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು, ನಾನು ಮಾಡಿರಲಿಲ್ಲ. ನಿಲ್ದಾಣದ ಹೊರಗೆ ಒಂದು ಕ್ರೂಸರ್ ಕಲಬುರಗಿಗೆ ಜನ ತುಂಬಿಸಿಕೊಳ್ಳುತ್ತಿತ್ತು. ನನ್ನ ಮಾತು ನಂಬಿ ಅವನು ಅದನ್ನು ಬಿಟ್ಟ. ಆರೂ ಕಾಲಿಗೆ ಬೇರೆ ಬಸ್ಸು ಬಂತು. ಮಗು ಉಳಿಯಿತು, ವಾರದ ಮೇಲೆ ಅವನೇ ಬಂದು ಹೇಳಿದ. ಆದರೆ ಆ ಸಂಜೆ ಕಲ್ಲಿನ ಬೆಂಚಿನ ಮೇಲೆ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುತ್ತಾ ಕೂತಿದ್ದ ಅವನು ಇವತ್ತಿಗೂ ನನ್ನ ಕಣ್ಣ ಮುಂದೆ ಇದ್ದಾನೆ. ಗೊತ್ತಿಲ್ಲ ಅಂದಿದ್ದರೆ ಅವನು ಇನ್ನೊಬ್ಬರನ್ನು ಕೇಳುತ್ತಿದ್ದ. ನನ್ನ ಉತ್ತರ ಅವನ ಕಾಲು ಕಟ್ಟಿಹಾಕಿತು.

ಆಟ ಬೇರೆ, ಆಸ್ಪತ್ರೆ ಬೇರೆ. ನನಗೂ ಗೊತ್ತು. ಆದರೆ ಈಗ ನೀವು ಹೊಸ ರೀತಿಯ ಮಾತಾಡುವ ಪಾತ್ರಗಳನ್ನು ತರುತ್ತಿದ್ದೀರಿ. ಅದಕ್ಕೇ ಈ ಕಥೆ ಹೇಳಿದೆ. ಕೃತಕ ಬುದ್ಧಿಯ ಭಾಷಾ ಮಾದರಿ, ಅಂದರೆ ಕೇಳಿದ್ದಕ್ಕೆ ತಾನೇ ವಾಕ್ಯ ಕಟ್ಟಿ ಉತ್ತರಿಸುವ ತಂತ್ರಾಂಶ, ಜೋಡಿಸಿದ ಪಾತ್ರ ಏನು ಕೇಳಿದರೂ ಉತ್ತರ ಕೊಡುತ್ತದೆ. ಚೀನಾದ ನೆಟ್‌ಈಸ್ ಕಂಪನಿ 2023ರಲ್ಲೇ ತನ್ನ ಮೊಬೈಲ್ ಆಟದಲ್ಲಿ ಇಂಥ ಪಾತ್ರಗಳನ್ನು ಇಟ್ಟಿತು. 2025ರ ಶುರುವಿನಲ್ಲಿ ಕ್ರಾಫ್ಟನ್ ಕಂಪನಿ ಪಬ್‌ಜಿ ಆಟಕ್ಕೆ ಮಾತಾಡುತ್ತಾ ಜೊತೆಗೆ ಆಡುವ ಪಾತ್ರ ತರುವುದಾಗಿ ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಆಟ ಇಂಥ ಒಂದು ಪಾತ್ರವನ್ನು ಬಿಟ್ಟಾಗ, ಆಟಗಾರರು ಅದರ ಬಾಯಲ್ಲಿ ಕೆಟ್ಟ ಮಾತು ಆಡಿಸಿದರು. ಕಂಪನಿ ಬೇಗನೇ ಸರಿಪಡಿಸಿತು. ಕೆಟ್ಟ ಮಾತು ಎಲ್ಲರ ಕಿವಿಗೂ ಬೀಳುತ್ತದೆ, ಅದಕ್ಕೇ ಬೇಗ ಸರಿಯಾಯಿತು. ನನಗೆ ಜಾಸ್ತಿ ಹೆದರಿಕೆ ನಯವಾಗಿ ಹೇಳಿದ ತಪ್ಪು ಉತ್ತರದ್ದು. ಇಲ್ಲದ ಗುಹೆಯಲ್ಲಿ ಇಲ್ಲದ ಕತ್ತಿ ಇದೆ ಅಂತ ಪಾತ್ರ ಚೆಂದಾಗಿ ವರ್ಣಿಸಿದರೆ ಮಕ್ಕಳು ಎರಡು ದಿನ ಹುಡುಕುತ್ತಾರೆ. ಯಾರೂ ದೂರು ಕೊಡುವುದಿಲ್ಲ. ನಮಗೇ ಸಿಗಲಿಲ್ಲ ಅಂದುಕೊಳ್ಳುತ್ತಾರೆ.

ಅದಕ್ಕೆ ಕೆಲಸ ಹಂಚಿ ಕೊಡಿ. ಕೇಳಿದ ಪ್ರಶ್ನೆ ಏನು ಅಂತ ಅರ್ಥ ಮಾಡಿಕೊಳ್ಳಲು ಭಾಷಾ ಮಾದರಿ ಇರಲಿ. ಉತ್ತರದ ತಿರುಳು ಮಾತ್ರ ಆಟದ ದಾಖಲೆಯಿಂದಲೇ ಬರಲಿ. ದಾಖಲೆಯಲ್ಲಿ ಇಲ್ಲ ಅಂದರೆ, "ನನಗೆ ಗೊತ್ತಿಲ್ಲ, ಅಂಬಿಗನನ್ನು ಕೇಳಿ ನೋಡು" ಅಂತ ಪಾತ್ರ ಹೇಳಲಿ. ಹಾಗೆ ಹೇಳುವುದನ್ನು ನನಗೆ ಕಲಿಸಿದ್ದು ಆ ಕಲ್ಲು ಬೆಂಚು.

ಪ್ರಶ್ನೆ ಅರ್ಥ ಮಾಡಿಕೊಳ್ಳುವುದು ಅಂದೆನಲ್ಲ, ಅದು ಸುಲಭದ್ದಲ್ಲ. ಜನ ಕೇಳುವುದು ಒಂದು, ಅವರಿಗೆ ಬೇಕಾದದ್ದು ಇನ್ನೊಂದು. ದೂರದಿಂದ ದತ್ತನ ದರ್ಶನಕ್ಕೆ ಬರುವವರು ಗಾಣಗಾಪುರ ರೋಡ್ ಸ್ಟೇಷನ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳುತ್ತಾರೆ. ಸಮಯ ಹೇಳಿ ಸುಮ್ನೆ ಬಿಟ್ಟರೆ ಅವರು ಅಲ್ಲಿ ಇಳಿದು ಗುಡಿ ಎಲ್ಲಿ ಅಂತ ನೋಡುತ್ತಾರೆ. ಗುಡಿ ಇರುವುದು ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಭೀಮಾ ಅಮರ್ಜಾ ಸಂಗಮದ ಹತ್ತಿರ. ಮುಂದಿನ ಬಸ್ಸು, ಟಂಟಂ ಎಲ್ಲಿ ಸಿಗುತ್ತದೆ ಅಂತಲೂ ಹೇಳಿದರೆ ಮಾತ್ರ ಅದು ಉತ್ತರ. ಕತ್ತಿ ಎಲ್ಲಿ ಸಿಗುತ್ತದೆ ಅಂತ ಹೊಸ ಹುಡುಗ ಕೇಳಿದರೆ ಅವನ ಮಟ್ಟ ನೋಡಿ. ಆ ಕತ್ತಿ ಅವನು ಎತ್ತಲಾರದ್ದು ಅಂದರೆ ಅದನ್ನೂ ಹೇಳಿ, ಈಗ ಎತ್ತಬಲ್ಲದ್ದು ಎಲ್ಲಿದೆ ಅಂತಲೂ ಹೇಳಿ.

ಇದರಿಂದ ಹುಡುಕುವ ಖುಷಿ ಹೋಗುತ್ತದೆ ಅಂತ ನಿಮ್ಮಲ್ಲಿ ಕೆಲವರು ಅನ್ನಬಹುದು. ನಾನು ಇದನ್ನು ಬಹಳ ಯೋಚಿಸಿದ್ದೇನೆ. ಒಗಟು ಬಿಡಿಸಿ ಕೊಡಿ ಅಂತ ನಾನು ಕೇಳುತ್ತಿಲ್ಲ. ಗುಹೆಯ ಒಳಗೆ ಏನಿದೆ ಅಂತ ಕಾವಲುಗಾರ ಹೇಳಬೇಕಿಲ್ಲ. ಗುಹೆಗೆ ದಾರಿ ಯಾವುದು, ಒಬ್ಬನೇ ಹೋಗಬಹುದಾ ಅಂತ ಹೇಳಿದರೆ ಸಾಕು. ಮತ್ತೆ, ಈಗ ಮಕ್ಕಳು ಮಾಡುತ್ತಿರುವುದೇನು? ಆಟ ಮುಚ್ಚಿ ವಿಡಿಯೋ ನೋಡುತ್ತಾರೆ. ಅದು ಒಗಟನ್ನೂ ಬಿಡಿಸಿ, ಕೊನೆಯನ್ನೂ ತೋರಿಸಿಬಿಡುತ್ತದೆ. ಹುಡುಕುವ ಖುಷಿ ಹೋಗುತ್ತಿರುವುದು ಅಲ್ಲಿ.

ಈಗ ಭಾಷೆಯ ಮಾತು. ಇದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಮೊಮ್ಮಗ ಕನ್ನಡ ಮಾಧ್ಯಮದಲ್ಲಿ ಓದುತ್ತಾನೆ. ಆಟದ ಎಲ್ಲ ಮಾತೂ ಇಂಗ್ಲಿಷು. ಆಟದ ಬಗ್ಗೆ ಬರೆದಿಟ್ಟ ದೊಡ್ಡ ದೊಡ್ಡ ವಿಕಿಗಳೂ ಇಂಗ್ಲಿಷು. ಅವನಿಗೆ ಆಟದೊಳಗೂ ದಾರಿ ಇಲ್ಲ, ಹೊರಗೂ ಇಲ್ಲ. ಇಂಗ್ಲಿಷ್ ಬಲ್ಲ ಹುಡುಗನಿಗೆ ಮೂಗ ಕಾವಲುಗಾರನಿಂದ ಬರೀ ಬೇಸರ. ನಮ್ಮ ಹುಡುಗರಿಗೆ ಅದು ಮುಚ್ಚಿದ ಬಾಗಿಲು.

ಕನ್ನಡ ಕೊಡಿ. ಕೊಡುವಾಗ ನಮ್ಮ ಕಡೆಯ ಮಾತನ್ನೂ ಕೇಳಿಸಿಕೊಳ್ಳಿ. ಪುಸ್ತಕದ ಕನ್ನಡದಲ್ಲಿ 'ವೈದ್ಯರು ಎಲ್ಲಿದ್ದಾರೆ' ಅಂತ ಇಲ್ಲಿ ಮಕ್ಕಳು ಕೇಳುವುದಿಲ್ಲ. 'ಡಾಕ್ಟರ್ ಎಲ್ಲಿ ಅದಾನ' ಅಂತಾರೆ. 'ಹ್ಯಾಂಗ ಹೋಗ್ಬೇಕು' ಅಂತಾರೆ. ಬೀದರ್ ಕಡೆಯ ಮಕ್ಕಳ ಮಾತಿನಲ್ಲಿ ಮರಾಠಿ ಬೆರೆಯುತ್ತದೆ. ಸೇಡಂ, ಗುರುಮಠಕಲ್ ಕಡೆ ತೆಲುಗು ಬೆರೆಯುತ್ತದೆ. ಕಲಬುರಗಿ ಪೇಟೆಯಲ್ಲಿ ಒಂದೇ ವಾಕ್ಯದಲ್ಲಿ ದಖನಿ ಉರ್ದುವೂ ಕನ್ನಡವೂ ಇರುತ್ತದೆ. ಬರೆಯುವಾಗ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ, ಒಂದೇ ಪದವನ್ನು ನಾಲ್ಕು ರೀತಿ. ಇದನ್ನೆಲ್ಲ ತಪ್ಪು ಅಂತ ತಳ್ಳಬೇಡಿ. ಕಿಟಕಿಯಲ್ಲಿ ನಾನು ಯಾರಿಗೂ ಮೊದಲು ಶುದ್ಧವಾಗಿ ಕೇಳು, ಆಮೇಲೆ ಬಸ್ಸು ಹೇಳುತ್ತೇನೆ ಅಂದಿಲ್ಲ. ಓದಲು ಬಾರದ ಚಿಕ್ಕ ಮಕ್ಕಳಿಗೆ ದನಿಯಲ್ಲೇ ಕೇಳಿ ದನಿಯಲ್ಲೇ ಉತ್ತರ ಪಡೆಯುವ ಹಾಗಿರಲಿ. ನಮ್ಮ ಭಾಷೆಗಳ ಮಾತನ್ನು ಕಂಪ್ಯೂಟರ್ ಅನುವಾದಿಸುವ ಹಾಗೆ ಮಾಡುವ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲೇ ಶುರುವಾಗಿದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗೆ ಬಹಳ ಕೆಲಸ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಅಡಿಪಾಯ ಇದೆ. ನೀವು ಮನಸ್ಸು ಮಾಡಬೇಕು.

ಒಂದನ್ನು ಮಾತ್ರ ಯಾವ ಪಾತ್ರವೂ ಹೇಳಬಾರದು. ಇಂಥ ಆಟಗಾರ ಈಗ ಎಲ್ಲಿದ್ದಾನೆ, ಯಾವ ಹೊತ್ತಿಗೆ ಆಡಲು ಬರುತ್ತಾನೆ ಅನ್ನೋದು. ಕಿಟಕಿಗೆ ಬಂದು, ಇಂಥ ಹುಡುಗಿ ಯಾವ ಬಸ್ಸಿಗೆ ಹೋದಳು ಅಂತ ಕೇಳಿದವರನ್ನು ನಾನು ನೋಡಿದ್ದೇನೆ. ಗೊತ್ತಿದ್ದರೂ ಹೇಳಲಿಲ್ಲ. ದಾರಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಹೇಳಿ, ಯಾರು ಅಂತ ಬೇಡ. ಬಾವಿ ಹತ್ತಿರ ಜೊತೆಗಾರರಿಗೆ ಕಾಯುತ್ತಿದ್ದಾರೆ ಅಂತ ಹೇಳುವುದಾದರೂ, ನಮ್ಮ ಸುದ್ದಿ ಹೇಳಬಹುದು ಅಂತ ಅವರೇ ಒಪ್ಪಿದ್ದರೆ ಮಾತ್ರ.

ರಾಜ್ಯ ಸರ್ಕಾರದಲ್ಲಿ ಈ ವಿಷಯ ನೋಡಿಕೊಳ್ಳುವವರಿಗೂ ಎರಡು ಮಾತು. ಕರ್ನಾಟಕ 2012ರಲ್ಲೇ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ನೀತಿ ಮಾಡಿತ್ತು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಈ ನೀತಿಯಲ್ಲಿ ನೆರವು ಪಡೆಯುವ ಪ್ರತಿ ಆಟದಲ್ಲೂ ದಾರಿ ಹೇಳುವ ಪಾತ್ರಗಳಾದರೂ ಕನ್ನಡದಲ್ಲಿ ಮಾತಾಡಲಿ ಅಂತ ಒಂದು ಷರತ್ತು ಹಾಕಿ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಈ ಕೆಲಸ ಕೊಡಿ. ಈ ಕಡೆಯ ಮಾತು ಹೇಗೆ ಕೇಳುತ್ತದೆ ಅಂತ ಅವರಿಗೆ ಯಾರೂ ಕಲಿಸಬೇಕಿಲ್ಲ.

ಗೇಮ್ ಕಟ್ಟುವವರೇ, ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಆ ಯುವಕ ಮತ್ತೆ ಬಂದು ಹೋದ ದಿನದಿಂದ ಬರೆಯಲು ಶುರು ಮಾಡಿದ್ದು. ಕಿಟಕಿಯಲ್ಲಿ ಜನ ಕೇಳಿದ ಪ್ರಶ್ನೆಗಳು, ಅವರದೇ ಮಾತಿನಲ್ಲಿ. ನನಗೆ ಉತ್ತರ ಗೊತ್ತಿಲ್ಲದೆ ಹೋದಾಗ ಯಾರನ್ನು ಕೇಳಿ ಹೇಳಿದೆ ಅನ್ನುವುದನ್ನೂ ಪಕ್ಕದಲ್ಲಿ ಬರೆದಿದ್ದೇನೆ. ಯಾರ ಹೆಸರೂ ಅದರಲ್ಲಿಲ್ಲ. ನಿಮ್ಮಲ್ಲಿ ಯಾರಾದರೂ ಈ ಪಾತ್ರಗಳನ್ನು ಸರಿ ಮಾಡಲು ಹೊರಟರೆ ಅದನ್ನು ಪೂರ್ತಿ ಕೊಡುತ್ತೇನೆ. ಕಲಬುರಗಿಗೆ ಬಂದರೆ ನಿಮ್ಮ ಜೊತೆ ಕೂತು ಒಂದೊಂದೇ ಪ್ರಶ್ನೆ ಓದಿ ಹೇಳುತ್ತೇನೆ. ಮೊಮ್ಮಗನೂ ಇರುತ್ತಾನೆ. ಆ ಕಾವಲುಗಾರನನ್ನು ಕೇಳಬೇಕಾದ್ದು ಏನೇನು ಅಂತ ಅವನು ಆಗಲೇ ಎರಡು ಪುಟ ಬರೆದಿಟ್ಟಿದ್ದಾನೆ.

ನಿಮ್ಮವನು,
ಒಬ್ಬ ನಿವೃತ್ತ ಸಂಚಾರ ನಿಯಂತ್ರಕ
ಕಲಬುರಗಿ